ಎಂಜಿನ್ ಆಗಾಗ ತಡವರಿಸುತ್ತಿದೆ, ಸೆನ್ಸರ್ ಕೆಟ್ಟಿರಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ತಡವರಿಕೆ ಅಂದರೆ ಯಾವುದು? ಮಿಸ್ಸಿಂಗ್, ಜರ್ಕ್ ಎಲ್ಲವೂ ಒಂದೇ ಅಲ್ಲವೇ?

ಅಲ್ಲ. ಎಕ್ಸಿಲರೇಟರ್ ತುಳಿದ ಮೇಲೆ ಕಾರು ಅರೆಕ್ಷಣ ಏನೂ ಆಗದಂತೆ ಸುಮ್ಮನಿದ್ದು ಆಮೇಲೆ ಮುಂದಕ್ಕೆ ನುಗ್ಗಿದರೆ ಅದು ತಡವರಿಕೆ. ಮಿಸ್ಸಿಂಗ್‌ನಲ್ಲಿ ಯಾವುದೋ ಒಂದು ಸಿಲಿಂಡರ್ ಕೈಕೊಟ್ಟಿರುತ್ತದೆ. ಅದರ ನಡುಕಕ್ಕೆ ಒಂದು ತಾಳವಿರುತ್ತದೆ, ಐಡ್ಲಿಂಗ್‌ನಲ್ಲೂ ಸ್ಟೀರಿಂಗ್ ಹಿಡಿದರೆ ಕೈಗೆ ಗೊತ್ತಾಗುತ್ತದೆ. ಕಾಲು ಅಲುಗಿಸದಿದ್ದರೂ ವೇಗ ತಾನಾಗಿ ಏರಿ ಇಳಿಯುತ್ತಿದ್ದರೆ ಅದು ಸರ್ಜಿಂಗ್. ಯಾರೋ ಕೀ ತಿರುಗಿಸಿ ಆಫ್ ಮಾಡಿ ಮತ್ತೆ ಆನ್ ಮಾಡಿದ ಹಾಗೆ ಎಂಜಿನ್ ಒಮ್ಮೆಗೇ ಸತ್ತು ಬದುಕಿದರೆ ಅದು ಕಟ್-ಔಟ್.

ಹೆಸರಿನಲ್ಲೇನಿದೆ ಅನ್ನಬೇಡಿ. ತುಳಿದ ಕ್ಷಣದ ತಡವರಿಕೆ ಗಾಳಿಯ ಅಳತೆ ಅಥವಾ ಪೆಡಲ್ ಮತ್ತು ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಸೆನ್ಸರ್‌ಗಳ ಕಡೆಗೆ ಬೆರಳು ತೋರಿಸುತ್ತದೆ. ಕಟ್-ಔಟ್ ಆದರೆ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವ ವೇಗ ಹೇಳುವುದು), ರಿಲೇ, ಅರ್ಥ್ ವೈರ್‌ಗಳ ಕಡೆಗೆ. ತಾಳಬದ್ಧ ಮಿಸ್ಸಿಂಗ್ ಇದ್ದರೆ ಮೊದಲು ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಇಂಜೆಕ್ಟರ್ ನೋಡಿ. ಸೆನ್ಸರ್ ಮಾತು ಆಮೇಲೆ.

ಚೆಕ್ ಎಂಜಿನ್ ಲೈಟ್ ಬಂದೇ ಇಲ್ಲ. ಹಾಗಾದರೆ ಸೆನ್ಸರ್ ಸರಿ ಇದೆ ಎಂದೇ ಅರ್ಥವೇ?

ಇಲ್ಲ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಂದು ಕೋಡ್, ಅಂದರೆ ದೋಷದ ಸಂಖ್ಯೆ, ಬರೆಯಬೇಕಾದರೆ ಸಿಗ್ನಲ್ ನಿಗದಿತ ಮಿತಿಯನ್ನು ದಾಟಬೇಕು, ದಾಟಿ ಒಂದಷ್ಟು ಹೊತ್ತು ಅಲ್ಲೇ ಇರಬೇಕು. ಎಷ್ಟೋ ದೋಷಗಳಿಗೆ ಸತತ ಎರಡು ಡ್ರೈವ್ ಸೈಕಲ್‌ಗಳಲ್ಲಿ (ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡುವ ಸುತ್ತು) ಅದು ಮರುಕಳಿಸಿದ ಮೇಲೆಯೇ ಲೈಟ್ ಹತ್ತುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಹೋಗುವ ಸಿಗ್ನಲ್ ಕುಸಿತ ನಿಮ್ಮ ಕಾಲಿಗೆ ತಿಳಿಯುತ್ತದೆ, ಇಸಿಯುನ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಬಗೆಯ ದೋಷ ಇದಕ್ಕಿಂತ ಕಳ್ಳತನದ್ದು. ಸೆನ್ಸರ್ ಸುಳ್ಳು ಹೇಳುತ್ತದೆ, ಆದರೆ ನಂಬುವಂಥ ಸುಳ್ಳು. ಬೆಳಗಿನ ತಣ್ಣನೆಯ ಎಂಜಿನ್ 18 ಡಿಗ್ರಿಯಲ್ಲಿದ್ದಾಗ ಕೂಲಂಟ್ ಸೆನ್ಸರ್ 55 ಡಿಗ್ರಿ ಎಂದರೆ ಬಹಳ ಸಲ ಇಸಿಯು ಸಂಶಯಪಡುವುದಿಲ್ಲ, ತಣ್ಣನೆಯ ಎಂಜಿನ್‌ಗೆ ಬೇಕಾದ ಹೆಚ್ಚುವರಿ ಇಂಧನವನ್ನು ಕೊಡುವುದೂ ಇಲ್ಲ. ಎಂಜಿನ್ ಬಿಸಿಯಾಗುವವರೆಗೂ ಮುಗ್ಗರಿಸುತ್ತದೆ, ಕೋಡ್ ಮಾತ್ರ ಶೂನ್ಯ.

ಲೈಟ್ ಇಲ್ಲದಿದ್ದರೂ ಸ್ಕ್ಯಾನರ್‌ನಲ್ಲಿ 'ಪೆಂಡಿಂಗ್' ಕೋಡ್‌ಗಳನ್ನು ಓದಿ. ಮೊದಲ ಸಲ ಕಂಡು, ಇನ್ನೂ ದೃಢಪಡದ ದೂರುಗಳು ಅಲ್ಲಿರುತ್ತವೆ. ಅಗ್ಗದ ಸ್ಕ್ಯಾನರ್‌ಗಳಲ್ಲಿ ಇದು ಬೇರೆ ಮೆನುವಿನಲ್ಲಿರುವುದರಿಂದ ಬಹಳ ಜನ ಅಲ್ಲಿಗೆ ಹೋಗುವುದೇ ಇಲ್ಲ.

ಕೋಡ್ ಬಂದಿದೆ. ಮೊದಲು ಅಳಿಸಿ, ಮತ್ತೆ ಬರುತ್ತದೋ ನೋಡೋಣವೇ?

ಬೇಡ. ಕೋಡ್ ಜೊತೆಗೆ 'ಫ್ರೀಜ್ ಫ್ರೇಮ್' ಎಂಬ ದಾಖಲೆ ಇರುತ್ತದೆ. ದೋಷ ಕಂಡ ಕ್ಷಣದಲ್ಲಿ ಎಂಜಿನ್ ವೇಗ ಎಷ್ಟಿತ್ತು, ಲೋಡ್ ಎಷ್ಟು, ಕೂಲಂಟ್ ಬಿಸಿ ಎಷ್ಟು, ಫ್ಯೂಯೆಲ್ ಟ್ರಿಮ್ (ಇಸಿಯು ಮೂಲ ಲೆಕ್ಕಕ್ಕೆ ಸೇರಿಸುವ ಅಥವಾ ಕಳೆಯುವ ಇಂಧನದ ಶೇಕಡಾವಾರು) ಎಷ್ಟು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಆಗಾಗ ಬರುವ ತೊಂದರೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಅಳಿಸಿದರೆ ಅದೂ ಹೋಗುತ್ತದೆ, ಇಸಿಯು ವಾರಗಟ್ಟಲೆ ಕಲಿತ ಟ್ರಿಮ್ ಲೆಕ್ಕಗಳೂ ಹೋಗುತ್ತವೆ. ಬ್ಯಾಟರಿ ಟರ್ಮಿನಲ್ ಕಳಚಿದರೂ ಅನೇಕ ಕಾರುಗಳಲ್ಲಿ ಇದೇ ಗತಿ. ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ. ಅಳಿಸುವ ಕೆಲಸ ರಿಪೇರಿ ಮುಗಿದ ಮೇಲೆ.

ಪರೀಕ್ಷೆಗೆ ಇಳಿಯುವ ಮೊದಲು ಏನೇನು ಗಮನಿಸಬೇಕು?

ಯಾವಾಗ ಆಗುತ್ತದೆ ಎನ್ನುವುದು. 'ಒಮ್ಮೊಮ್ಮೆ ಆಗುತ್ತೆ' ಎಂಬುದರ ಹಿಂದೆ ಸಾಮಾನ್ಯವಾಗಿ ಒಂದು ಷರತ್ತು ಅಡಗಿರುತ್ತದೆ.

ತಣ್ಣಗಿದ್ದಾಗ ಮಾತ್ರ ಆದರೆ ಕೂಲಂಟ್ ಅಥವಾ ಒಳಗಾಳಿಯ ಉಷ್ಣತೆಯ ಸೆನ್ಸರ್. ಅರ್ಧ ಗಂಟೆ ಓಡಿ ಚೆನ್ನಾಗಿ ಬಿಸಿಯಾದ ಮೇಲೆ ಶುರುವಾದರೆ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್, ಇಗ್ನಿಷನ್ ಕಾಯಿಲ್, ಇಂಧನ ಪಂಪ್. ಹೊಂಡಕ್ಕೆ ಇಳಿದಾಗ, ತಿರುವಿನಲ್ಲಿ, ಬ್ರೇಕ್ ಹಾಕಿ ಬಿಟ್ಟಾಗ ಆದರೆ ವೈರಿಂಗ್. ಎಂಜಿನ್ ತನ್ನ ಮೌಂಟ್‌ಗಳ ಮೇಲೆ ಅಲುಗಿದಾಗ ಹಾರ್ನೆಸ್ (ವೈರ್‌ಗಳ ಕಟ್ಟು) ಎಳೆಯಲ್ಪಡುತ್ತದೆ. ಮಳೆಯಲ್ಲಿ ಅಥವಾ ತೊಳೆಸಿದ ಮರುದಿನ ಆದರೆ ಕನೆಕ್ಟರ್‌ನೊಳಗೆ ನೀರು. ಪೆಡಲ್‌ನ ಒಂದೇ ಸ್ಥಾನದಲ್ಲಿ, ಉದಾಹರಣೆಗೆ ಯಾವಾಗಲೂ ಕಾಲು ಭಾಗ ತುಳಿದಾಗಲೇ ಆದರೆ, ಪೊಸಿಷನ್ ಸೆನ್ಸರ್‌ನ ಟ್ರ್ಯಾಕ್ ಸವೆದಿದೆ. ಪೆಟ್ರೋಲ್ ತುಂಬಿಸಿದ ಬೆನ್ನಲ್ಲೇ ಐದು ನಿಮಿಷ ತಡವರಿಸಿದರೆ ಸೆನ್ಸರ್ ಬಿಟ್ಟುಬಿಡಿ, ಮುಚ್ಚದೆ ಉಳಿದ ಪರ್ಜ್ ವಾಲ್ವ್ ನೋಡಿ. ಟ್ಯಾಂಕಿನ ಆವಿ ನೇರವಾಗಿ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೆ) ಹೋಗುತ್ತಿರುತ್ತದೆ.

ಒಂದು ವಾರ ಇದನ್ನು ಬರೆದಿಟ್ಟರೆ ಅರ್ಧ ಕೆಲಸ ಸ್ಪ್ಯಾನರ್ ಮುಟ್ಟದೆಯೇ ಮುಗಿದಿರುತ್ತದೆ.

ಏನೇನು ಉಪಕರಣ ಬೇಕು?

ಲೈವ್ ಡೇಟಾ (ಸೆನ್ಸರ್‌ಗಳ ಆ ಕ್ಷಣದ ಅಂಕಿಗಳು) ತೋರಿಸಿ ದಾಖಲಿಸುವ, ಕಾರಿನ ಡಯಾಗ್ನೋಸ್ಟಿಕ್ ಸಾಕೆಟ್‌ಗೆ ಸಿಕ್ಕಿಸುವ ಒಬಿಡಿ-2 ಸ್ಕ್ಯಾನರ್, ಮಿನ್-ಮ್ಯಾಕ್ಸ್ ಸೌಲಭ್ಯವಿರುವ ಡಿಜಿಟಲ್ ಮಲ್ಟಿಮೀಟರ್, ಕನೆಕ್ಟರ್‌ನ ಹಿಂಬದಿಯಿಂದ ತೂರಿಸುವ ತೆಳು ಪಿನ್‌ಗಳು, ಒಂದು ಹೇರ್ ಡ್ರೈಯರ್. ಎರಡು ಚಾನೆಲ್‌ನ ಸಣ್ಣ ಆಸಿಲೋಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಸಾಮಾನ್ಯ ಮೀಟರ್‌ಗಳ ಮಿನ್-ಮ್ಯಾಕ್ಸ್ ಸುಮಾರು 100 ಮಿಲಿಸೆಕೆಂಡಿಗಿಂತ ಚಿಕ್ಕ ಕುಸಿತವನ್ನು ಹಿಡಿಯದೆ ಬಿಡುತ್ತದೆ. ನಿಮ್ಮ ಮಾದರಿಯ ವೈರಿಂಗ್ ಚಿತ್ರವಂತೂ ಬೇಕೇ ಬೇಕು. ಮೂರು ವೈರ್‌ಗಳಲ್ಲಿ ಸಿಗ್ನಲ್ ಯಾವುದು ಎಂದು ಬಣ್ಣ ನೋಡಿ ಊಹಿಸಲು ಹೋಗಬೇಡಿ.

ಪಿ0171, ಅಂದರೆ ಲೀನ್ (ಗಾಳಿ ಹೆಚ್ಚು, ಇಂಧನ ಕಡಿಮೆ) ಎಂದು ಬಂದಿದೆ. ಆಕ್ಸಿಜನ್ ಸೆನ್ಸರ್ ಬದಲಿಸಲೇ?

ಅತಿ ಹೆಚ್ಚು ಹಣ ಹಾಳಾಗುವುದು ಇಲ್ಲಿಯೇ. ಈ ಕೋಡ್‌ನಲ್ಲಿ ಆಕ್ಸಿಜನ್ ಸೆನ್ಸರ್ ಆರೋಪಿಯಲ್ಲ, ದೂರು ಕೊಟ್ಟವನು. ಸುಟ್ಟ ಗಾಳಿಯಲ್ಲಿ ಆಮ್ಲಜನಕ ಹೆಚ್ಚಾಗಿದೆ, ನಾನು ಇಂಧನ ಸೇರಿಸುತ್ತಲೇ ಇದ್ದೇನೆ, ಆದರೂ ಸಾಲುತ್ತಿಲ್ಲ ಎಂದು ಇಸಿಯು ಹೇಳುತ್ತಿದೆ. ಕಾರಣ ಅಳೆಯದ ಗಾಳಿ ಒಳನುಗ್ಗುತ್ತಿರುವುದೋ, ಒಳಹೋಗುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್ ಕಡಿಮೆ ಅಳೆಯುತ್ತಿರುವುದೋ, ಇಂಧನದ ಒತ್ತಡ ಸಾಲದಿರುವುದೋ ಇರಬಹುದು. ಆಕ್ಸಿಜನ್ ಸೆನ್ಸರ್‌ಗೂ ಮುಂಚೆ ಎಕ್ಸಾಸ್ಟ್ ಪೈಪ್ ಸೋರುತ್ತಿದ್ದರೂ ಹೊರಗಿನ ಗಾಳಿ ಒಳಸೇರಿ ಇದೇ ಕೋಡ್ ಬರುತ್ತದೆ.

ಕೋಡ್‌ಗಳನ್ನೆಲ್ಲ ಇದೇ ಕಣ್ಣಿನಲ್ಲಿ ಓದಬೇಕು. ಪಿ0101 ಎಂದರೆ ಏರ್ ಫ್ಲೋ ಓದುವಿಕೆ ಉಳಿದ ಲೆಕ್ಕಕ್ಕೆ ಹೊಂದುತ್ತಿಲ್ಲ ಎಂದಷ್ಟೇ ಅರ್ಥ. ಆ ಸೆನ್ಸರ್‌ನ ನಂತರದ ರಬ್ಬರ್ ಬೂಟ್ (ಗಾಳಿಯ ಕೊಳವೆ) ಹರಿದಿದ್ದರೂ ಅದು ಬರುತ್ತದೆ. ಆದರೆ ಪಿ0102 ಅಥವಾ ಪಿ0103 ಬಂದರೆ ಸರ್ಕ್ಯೂಟ್‌ನ ವಿದ್ಯುತ್ ಮಟ್ಟವೇ ಮಿತಿಯ ಆಚೆ ಹೋಗಿದೆ, ಅಲ್ಲಿ ವೈರ್ ಮತ್ತು ಕನೆಕ್ಟರ್ ಮೊದಲು. ಪಿ2135 ಮತ್ತು ಪಿ2138 ಕ್ರಮವಾಗಿ ಥ್ರಾಟಲ್ ಮತ್ತು ಪೆಡಲ್‌ನ ಜೋಡಿ ಸೆನ್ಸರ್‌ಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎನ್ನುತ್ತವೆ. ಪಿ0335 ಕ್ರ್ಯಾಂಕ್ ಸೆನ್ಸರ್‌ನದು, ಪಿ0340 ಕ್ಯಾಮ್ ಸೆನ್ಸರ್‌ನದು.

ಲೈವ್ ಡೇಟಾದಲ್ಲಿ ಯಾವ ಅಂಕಿಗಳು ಸರಿ, ಯಾವುವು ತಪ್ಪು?

ಎಂಜಿನ್ ಪೂರ್ತಿ ಬಿಸಿಯಾಗಿ, ಎಸಿ ಆಫ್ ಆಗಿ, ಐಡ್ಲಿಂಗ್‌ನಲ್ಲಿರುವಾಗ ಪೆಟ್ರೋಲ್ ಎಂಜಿನ್‌ಗಳಲ್ಲಿ ಅಂದಾಜು ಹೀಗಿರಬೇಕು. ಮಾಸ್ ಏರ್ ಫ್ಲೋ, ಎಂಜಿನ್‌ನ ಪ್ರತಿ ಲೀಟರ್ ಗಾತ್ರಕ್ಕೆ ಸೆಕೆಂಡಿಗೆ 1ರಿಂದ 2 ಗ್ರಾಂ. ಮ್ಯಾನಿಫೋಲ್ಡ್ ಒತ್ತಡ 30ರಿಂದ 40 ಕಿಲೊಪಾಸ್ಕಲ್. ಕೀ ಆನ್ ಇದ್ದು ಎಂಜಿನ್ ಓಡದಿರುವಾಗ ಅದೇ ಸೆನ್ಸರ್ ಹೊರಗಿನ ವಾಯು ಒತ್ತಡವನ್ನು ತೋರಿಸಬೇಕು, ಅಂದರೆ ಸಮುದ್ರಮಟ್ಟದಲ್ಲಿ 101ರ ಆಸುಪಾಸು, 1000 ಮೀಟರ್ ಎತ್ತರದಲ್ಲಿ 90ರ ಆಸುಪಾಸು. ಇದು ಪುಕ್ಕಟೆ ಪರೀಕ್ಷೆ, ಹತ್ತು ಸೆಕೆಂಡ್ ಸಾಕು. ಶಾರ್ಟ್ ಟರ್ಮ್ ಟ್ರಿಮ್ (ಆ ಕ್ಷಣದ ತಿದ್ದುಪಡಿ) ಶೂನ್ಯದ ಎರಡೂ ಬದಿ ಶೇ 5ರೊಳಗೆ ಆಡುತ್ತಿರಬೇಕು. ಲಾಂಗ್ ಟರ್ಮ್ ಟ್ರಿಮ್ (ಇಸಿಯು ಕಲಿತಿಟ್ಟುಕೊಂಡ ತಿದ್ದುಪಡಿ) ಶೇ 10 ದಾಟಿದರೆ ಕಾರಣ ಹುಡುಕಬೇಕು. ಮುಂಭಾಗದ, ಅಂದರೆ ಎಂಜಿನ್‌ಗೆ ಹತ್ತಿರದ ಆಕ್ಸಿಜನ್ ಸೆನ್ಸರ್ ಹಳೆಯ ನ್ಯಾರೋಬ್ಯಾಂಡ್ ಬಗೆಯದಾದರೆ 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಓಡಾಡಬೇಕು.

ಉಷ್ಣತೆಯ ಸೆನ್ಸರ್‌ಗಳಿಗೆ ಇನ್ನೂ ಸುಲಭದ ದಾರಿಯಿದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಸ್ಟಾರ್ಟ್ ಮಾಡದೆ, ಕೀ ಮಾತ್ರ ಆನ್ ಮಾಡಿ. ಕೂಲಂಟ್ ಮತ್ತು ಒಳಗಾಳಿ ಎರಡರ ಓದುವಿಕೆ 3ರಿಂದ 5 ಡಿಗ್ರಿ ಅಂತರದೊಳಗೆ ಇರಬೇಕು, ಎರಡೂ ಹೊರಗಿನ ಹವೆಗೆ ಹತ್ತಿರವಿರಬೇಕು. ಒಂದು ಮಾತ್ರ ದೂರ ನಿಂತರೆ ಸುಳ್ಳು ಹೇಳುತ್ತಿರುವುದು ಅದೇ. ಮೈನಸ್ 40 ಡಿಗ್ರಿ ಎಂದು ತೋರಿಸಿದರೆ ವೈರ್ ಎಲ್ಲೋ ಕಡಿದಿದೆ ಅಥವಾ ಸೆನ್ಸರ್‌ನ ಪ್ಲಗ್ (ಕನೆಕ್ಟರ್) ಕಳಚಿದೆ. ಸೆನ್ಸರನ್ನೇ ಬಿಚ್ಚಿ ಅಳೆಯುವುದಾದರೆ ಬಹಳ ಕಡೆ ಬಳಕೆಯಲ್ಲಿರುವ ಬಗೆಯಲ್ಲಿ 20 ಡಿಗ್ರಿಗೆ ಸುಮಾರು 2500 ಓಮ್, 80 ಡಿಗ್ರಿಗೆ ಸುಮಾರು 300 ಓಮ್ ಇರುತ್ತದೆ. ಬಿಸಿಯಾಗುತ್ತ ಹೋದಂತೆ ರೋಧ ಜಿಗಿಯದೆ ನಯವಾಗಿ ಇಳಿಯಬೇಕು.

ಕೊಳೆಯಾದ ಏರ್ ಫ್ಲೋ ಸೆನ್ಸರ್, ವ್ಯಾಕ್ಯೂಮ್ ಸೋರಿಕೆ, ದುರ್ಬಲ ಪಂಪ್: ಮೂರೂ ಲೀನ್ ಮಾಡುತ್ತವೆ. ಬೇರ್ಪಡಿಸುವುದು ಹೇಗೆ?

ಟ್ರಿಮ್ ಅನ್ನು ಒಂದೇ ಕಡೆ ಓದಿ ಬಿಡಬೇಡಿ, ಐಡ್ಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ, ಏರಿನಲ್ಲಿ ಎಳೆಯುವಾಗ ಒಮ್ಮೆ ಓದಿ.

ಏರ್ ಫ್ಲೋ ಸೆನ್ಸರ್ ಇರುವ ಎಂಜಿನ್‌ನಲ್ಲಿ ಸೋರಿಕೆ ಇದ್ದರೆ ಐಡ್ಲಿಂಗ್‌ನಲ್ಲಿ ಟ್ರಿಮ್ ಶೇ 20ರಷ್ಟು ಮೇಲಿದ್ದು, ವೇಗ ಏರಿಸಿದಾಗ ಶೇ 5ರ ಹತ್ತಿರ ಇಳಿಯುತ್ತದೆ. ಸೋರಿಕೆಯ ತೂತು ಅಷ್ಟೇ ಇರುತ್ತದೆ, ಆದರೆ ಎಂಜಿನ್ ಎಳೆದುಕೊಳ್ಳುವ ಒಟ್ಟು ಗಾಳಿ ಹೆಚ್ಚಾದಾಗ ಅದರ ಪಾಲು ಸಣ್ಣದಾಗುತ್ತದೆ. ಕೊಳೆಯಾದ ಸೆನ್ಸರ್ ಅಥವಾ ದುರ್ಬಲ ಪಂಪ್ ಆದರೆ ಉಲ್ಟಾ: ಐಡ್ಲಿಂಗ್‌ನಲ್ಲಿ ಹೆಚ್ಚುಕಡಿಮೆ ಸರಿ, ಲೋಡ್ ಏರಿದಷ್ಟೂ ಟ್ರಿಮ್ ಮೇಲಕ್ಕೆ.

ಉಳಿದ ಎರಡನ್ನು ಬೇರ್ಪಡಿಸಲು ಒಂದು ಸಣ್ಣ ಲೆಕ್ಕ ಇದೆ. ಎಂಜಿನ್‌ನ ಲೀಟರ್ ಗಾತ್ರವನ್ನು ಆರ್‌ಪಿಎಂನಿಂದ ಗುಣಿಸಿ, 120ರಿಂದ ಭಾಗಿಸಿ, 1.2ರಿಂದ ಗುಣಿಸಿ. ಸಿಲಿಂಡರ್‌ಗಳು ಪೂರ್ತಿ ತುಂಬಿದರೆ ಸೆಕೆಂಡಿಗೆ ಹೋಗಬೇಕಾದ ಗಾಳಿ ಎಷ್ಟು ಗ್ರಾಂ ಎಂಬುದು ಸಿಗುತ್ತದೆ. 1.5 ಲೀಟರ್ ಎಂಜಿನ್ 5000 ಆರ್‌ಪಿಎಂನಲ್ಲಿದ್ದರೆ 75 ಗ್ರಾಂ. ಟರ್ಬೊ ಇಲ್ಲದ ಆರೋಗ್ಯವಂತ ಎಂಜಿನ್ ಪೂರ್ತಿ ತುಳಿದಾಗ ಇದರ ಶೇ 80-90 ಮುಟ್ಟುತ್ತದೆ, ಅಂದರೆ 60ರಿಂದ 68 ಗ್ರಾಂ. ಎತ್ತರದ ಜಾಗದಲ್ಲಿ ಗಾಳಿ ತೆಳುವಾದ್ದರಿಂದ ಅದಕ್ಕೆ ತಕ್ಕಂತೆ ಕಡಿಮೆ.

ಈಗ ಖಾಲಿ ರಸ್ತೆಯಲ್ಲಿ ಪೂರ್ತಿ ತುಳಿದು ದಾಖಲಿಸಿ ನೋಡಿ. ಸೆನ್ಸರ್ 45 ಗ್ರಾಂ ಅನ್ನುತ್ತಿದ್ದು ಲೋಡ್‌ನಲ್ಲಿ ಟ್ರಿಮ್ ಶೇ 15ರ ಮೇಲಿದ್ದರೆ ಸೆನ್ಸರ್ ಕಡಿಮೆ ಅಳೆಯುತ್ತಿದೆ. 45 ಗ್ರಾಂ ಇದ್ದು ಟ್ರಿಮ್ ಸಹಜವಾಗಿದ್ದರೆ ಅದು ನಿಜವನ್ನೇ ಹೇಳುತ್ತಿದೆ, ಗಾಳಿಯೇ ಬರುತ್ತಿಲ್ಲ. ಆಗ ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್ (ಎಕ್ಸಾಸ್ಟ್‌ನಲ್ಲಿ ಹೊಗೆ ಶುದ್ಧಿ ಮಾಡುವ ಡಬ್ಬಿ), ಏರ್ ಫಿಲ್ಟರ್, ಪೂರ್ತಿ ತೆರೆಯದ ಥ್ರಾಟಲ್ ನೋಡಿ. 65 ಗ್ರಾಂ ಸರಿಯಾಗಿಯೇ ಇದ್ದು ಟ್ರಿಮ್ ಮೇಲಿದ್ದರೆ, ಮತ್ತು ಪೂರ್ತಿ ತುಳಿದಾಗ ನ್ಯಾರೋಬ್ಯಾಂಡ್ ಸೆನ್ಸರ್ 0.8 ವೋಲ್ಟ್‌ಗಿಂತ ಕೆಳಗೇ ಉಳಿದರೆ, ಇಂಧನ ಸಾಲುತ್ತಿಲ್ಲ. ಹೋಗಿ ಪಂಪ್, ಇಂಧನ ಫಿಲ್ಟರ್, ರೈಲ್ (ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಕೊಳವೆ) ಒತ್ತಡ ನೋಡಿ.

ಏರ್ ಫ್ಲೋ ಬದಲು ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್‌ನಿಂದಲೇ ಲೆಕ್ಕ ಹಾಕುವ ಎಂಜಿನ್‌ಗಳಿಗೆ ಸೋರಿಕೆಯ ಈ ಗುರುತು ಹೊಂದುವುದಿಲ್ಲ. ಸೋರಿ ಬಂದ ಗಾಳಿಯೂ ಒತ್ತಡವಾಗಿ ಲೆಕ್ಕಕ್ಕೆ ಸಿಗುವುದರಿಂದ ಟ್ರಿಮ್ ಬದಲು ಐಡ್ಲಿಂಗ್ ವೇಗವೇ ಏರುತ್ತದೆ.

ಏರ್ ಫ್ಲೋ ಸೆನ್ಸರ್ ಸ್ವಚ್ಛ ಮಾಡುವ ಸರಿಯಾದ ಕ್ರಮ?

ಎಂಜಿನ್ ತಣ್ಣಗಾಗಲಿ, ಕೀ ಆಫ್ ಇರಲಿ. ಕನೆಕ್ಟರ್ ಕಳಚಿ ಎರಡು ಸ್ಕ್ರೂ ಬಿಚ್ಚಿ, ಸೆನ್ಸರನ್ನು ನೇರವಾಗಿ ಮೇಲೆತ್ತಿ. ಏರ್ ಫ್ಲೋ ಸೆನ್ಸರ್‌ಗೆಂದೇ ಮಾರುವ ಕ್ಲೀನರ್ ಮಾತ್ರ ಬಳಸಿ. ಕಾರ್ಬ್ಯುರೇಟರ್ ಕ್ಲೀನರ್ ಮತ್ತು ಬ್ರೇಕ್ ಕ್ಲೀನರ್ ಪ್ಲಾಸ್ಟಿಕ್ ಮತ್ತು ಅಂಟನ್ನು ತಿನ್ನಬಲ್ಲವು, ಕೆಲವು ಹಿಂದೆ ಜಿಡ್ಡನ್ನೂ ಬಿಡುತ್ತವೆ. ಒಂದು ಕೈಯಗಲ ದೂರದಿಂದ 10-15 ಸಲ ಚಿಕ್ಕ ಚಿಕ್ಕ ಸಿಂಪಡಣೆ. ಬಿಸಿ ತಂತಿಯನ್ನು ಬೆರಳು, ಬಡ್ಸ್, ಬ್ರಷ್ ಯಾವುದರಿಂದಲೂ ಮುಟ್ಟಬಾರದು, ಕಂಪ್ರೆಸರ್ ಗಾಳಿಯೂ ಬೇಡ. 15-20 ನಿಮಿಷ ತಾನಾಗಿ ಒಣಗಲಿ. ಕೂರಿಸುವಾಗ ಬಾಣದ ಗುರುತು ಎಂಜಿನ್ ಕಡೆಗಿರಬೇಕು, ಓ-ರಿಂಗ್ ಮಡಚಿಕೊಂಡಿರಬಾರದು.

ತಿಂಗಳೊಳಗೆ ಮತ್ತೆ ಕೊಳೆಯಾದರೆ ಫಿಲ್ಟರ್ ಕಡೆ ನೋಡಿ: ಸರಿಯಾಗಿ ಕೂರದ ಫಿಲ್ಟರ್, ಒಡೆದ ಫಿಲ್ಟರ್ ಡಬ್ಬಿ, ಅಥವಾ ಎಣ್ಣೆ ಹಚ್ಚುವ ಬಗೆಯ ಹತ್ತಿ ಫಿಲ್ಟರ್‌ಗೆ ಹೆಚ್ಚಾದ ಎಣ್ಣೆ.

ಥ್ರಾಟಲ್ ಮತ್ತು ಪೆಡಲ್ ಸೆನ್ಸರ್ ಪರೀಕ್ಷೆ ಹೇಗೆ?

ಕೀ ಆನ್, ಎಂಜಿನ್ ಆಫ್. ಪೆಡಲನ್ನು ಹತ್ತು ಸೆಕೆಂಡ್ ತೆಗೆದುಕೊಂಡು ಬಹಳ ನಿಧಾನವಾಗಿ ತುದಿಯವರೆಗೆ ಒತ್ತಿ, ಅಷ್ಟೇ ನಿಧಾನವಾಗಿ ಬಿಡಿ. ಸ್ಕ್ಯಾನರ್‌ನ ಗ್ರಾಫ್ ಒಂದು ನಯವಾದ ಇಳಿಜಾರಾಗಬೇಕು. ನಡುವೆ ಸಣ್ಣ ಗುಂಡಿಯೋ ಜಿಗಿತವೋ ಕಂಡರೆ ಟ್ರ್ಯಾಕ್ ಸವೆದಿದೆ ಅಥವಾ ವೈರ್ ಸಡಿಲ. ಹೆಚ್ಚು ಸವೆಯುವುದು ಕೆಳಗಿನ ಮೂರನೇ ಒಂದು ಭಾಗ, ದಿನನಿತ್ಯದ ಓಡಾಟವೆಲ್ಲ ಅಲ್ಲೇ ನಡೆಯುವುದರಿಂದ. ಹಳೆಯ ಒಂಟಿ ಸೆನ್ಸರ್‌ಗಳಲ್ಲಿ ಮುಚ್ಚಿದಾಗ 0.5ರಿಂದ 0.9 ವೋಲ್ಟ್, ಪೂರ್ತಿ ತೆರೆದಾಗ 4ರಿಂದ 4.7 ವೋಲ್ಟ್ ವಾಡಿಕೆ.

ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್‌ನಲ್ಲಿ ಎರಡೆರಡು ಟ್ರ್ಯಾಕ್ ಇರುತ್ತವೆ. ಥ್ರಾಟಲ್‌ನಲ್ಲಿ ಬಹಳ ಸಲ ಒಂದು ಏರಿದಷ್ಟು ಇನ್ನೊಂದು ಇಳಿಯುತ್ತದೆ, ಎರಡರ ಮೊತ್ತ ಸುಮಾರು 5 ವೋಲ್ಟ್‌ನಲ್ಲೇ ಇರುತ್ತದೆ. ಪೆಡಲ್‌ನಲ್ಲಿ ಒಂದು ಇನ್ನೊಂದರ ಅರ್ಧದಷ್ಟಿರುವುದು ಸಾಮಾನ್ಯ. ಈ ಹೊಂದಾಣಿಕೆ ತಪ್ಪಿದ ಕ್ಷಣವೇ ಇಸಿಯು ಶಕ್ತಿ ಕಡಿತ ಮಾಡುತ್ತದೆ.

ಬ್ರೇಕ್ ಸ್ವಿಚ್ಚನ್ನು ಮರೆಯಬೇಡಿ. ಬ್ರೇಕ್ ಮತ್ತು ಎಕ್ಸಿಲರೇಟರ್ ಒಟ್ಟಿಗೆ ಒತ್ತಿದ್ದಾರೆ ಎಂದು ತಿಳಿದರೆ ಈಗಿನ ಬಹಳಷ್ಟು ಕಾರುಗಳು ಥ್ರಾಟಲ್ ತಗ್ಗಿಸುತ್ತವೆ. ಸ್ವಿಚ್ ಒಳಗೆ ಕಾಂಟ್ಯಾಕ್ಟ್ ಕೆಟ್ಟು ಬ್ರೇಕ್ ಒತ್ತದಿದ್ದರೂ ಸಿಗ್ನಲ್ ಹೋಗುತ್ತಿದ್ದರೆ ಥೇಟ್ ಪೆಡಲ್ ಸೆನ್ಸರ್ ಕೆಟ್ಟ ಹಾಗೇ ಕಾಣುತ್ತದೆ. ಲೈವ್ ಡೇಟಾದಲ್ಲಿ ಬ್ರೇಕ್ ಸ್ವಿಚ್ ಸ್ಥಿತಿಯನ್ನೂ ಸೇರಿಸಿಕೊಳ್ಳಿ.

ಬಿಸಿಯಾದಾಗ ಮಾತ್ರ ಕಟ್ ಆಗುತ್ತದೆ, ಅರ್ಧ ಗಂಟೆ ಬಿಟ್ಟರೆ ಸ್ಟಾರ್ಟ್ ಆಗುತ್ತದೆ. ಕ್ರ್ಯಾಂಕ್ ಸೆನ್ಸರ್ ಇರಬಹುದೇ?

ಲಕ್ಷಣ ಹೊಂದುತ್ತದೆ. ಒಳಗಿನ ಸುರುಳಿ ಅಥವಾ ಬೆಸುಗೆ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣಿದಾಗ ಮತ್ತೆ ಸೇರುತ್ತದೆ. ಖಚಿತಪಡಿಸಲು ಆರ್‌ಪಿಎಂ ಮುಳ್ಳನ್ನು ನೋಡಿ. ಮ್ಯಾನುವಲ್ ಕಾರು ಗೇರ್‌ನಲ್ಲಿ ಉರುಳುತ್ತಿರುವಾಗ ಕಟ್ ಆದರೂ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ಆಗ ಮುಳ್ಳು ಸೊನ್ನೆಗೆ ಬಿದ್ದರೆ ಹೋಗಿರುವುದು ವೇಗದ ಸಿಗ್ನಲ್. ಮುಳ್ಳು ಕಾರಿನ ವೇಗದ ಜೊತೆ ನಿಧಾನವಾಗಿ ಇಳಿದರೆ ಸಿಗ್ನಲ್ ಇದೆ, ಇಂಧನ ಅಥವಾ ಕಿಡಿ ಇಲ್ಲ. ಸ್ಟಾರ್ಟರ್ ತಿರುಗುವಾಗ ಸ್ಕ್ಯಾನರ್‌ನಲ್ಲಿ 150-250 ಆರ್‌ಪಿಎಂ ಕಾಣಬೇಕು. ಸೊನ್ನೆ ಇದ್ದರೆ ಇದೇ ದಾರಿ.

ಎರಡು ವೈರ್‌ನ ಕಾಯಿಲ್ ಬಗೆಯ ಸೆನ್ಸರ್ ಹೆಚ್ಚಾಗಿ 200ರಿಂದ 1000 ಓಮ್ ಇರುತ್ತದೆ. ಮೀಟರ್ ಹಾಕಿಟ್ಟು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ರೋಧ ನಿಧಾನ ಏರುವುದು ಸಹಜ, ಥಟ್ಟನೆ ಅನಂತಕ್ಕೆ ಹಾರುವುದು ದೋಷ. ಮೂರು ವೈರ್‌ನ ಹಾಲ್ ಬಗೆಯ ಸೆನ್ಸರ್‌ಗೆ ಓಮ್ ಅಳತೆ ಅರ್ಥಹೀನ, ಅದಕ್ಕೆ ವಿದ್ಯುತ್ ಪೂರೈಕೆ, ಅರ್ಥ್, ಸಿಗ್ನಲ್ ಮೂರನ್ನೂ ಕನೆಕ್ಟರ್ ಹಾಕಿದ್ದಂತೆಯೇ ಅಳೆಯಬೇಕು. ತುದಿಯ ಅಯಸ್ಕಾಂತಕ್ಕೆ ಲೋಹದ ಪುಡಿ ಅಂಟಿದ್ದರೆ ಒರೆಸಿ. ಹಲ್ಲಿನ ಚಕ್ರಕ್ಕೂ ಅದಕ್ಕೂ ಅಂತರ ಸಾಮಾನ್ಯವಾಗಿ 0.5ರಿಂದ 1.5 ಮಿಲಿಮೀಟರ್.

ವೈರಿಂಗ್ ಪರೀಕ್ಷಿಸಿ ಎನ್ನುತ್ತಾರೆ. ನಿಜವಾಗಿ ಏನು ಮಾಡಬೇಕು?

ಆಗಾಗ ಬಂದುಹೋಗುವ ದೋಷದಲ್ಲಿ ಸೆನ್ಸರ್‌ಗಿಂತ ಅದರ ಪ್ಲಗ್ ಮತ್ತು ವೈರ್ ಮೇಲೆಯೇ ಮೊದಲ ಸಂಶಯ ಇರಬೇಕು. ಸೆನ್ಸರ್ ಒಳಗೆ ಸವೆಯುವ ಭಾಗಗಳು ಕಡಿಮೆ. ಪ್ಲಗ್ ಮಾತ್ರ ಶಾಖ, ನಡುಕ, ನೀರು, ಎಣ್ಣೆ ನಾಲ್ಕನ್ನೂ ದಿನವೂ ಉಣ್ಣುತ್ತದೆ.

ಎಂಜಿನ್ ಐಡ್ಲಿಂಗ್‌ನಲ್ಲಿರಲಿ, ಸಂಶಯದ ಸೆನ್ಸರ್‌ನ ಗ್ರಾಫ್ ತೆರೆದಿರಲಿ. ಹಾರ್ನೆಸ್ಸನ್ನು ಸೆನ್ಸರ್‌ನಿಂದ ಶುರುಮಾಡಿ ಗೇಣುಗೇಣಾಗಿ ಅಲುಗಿಸುತ್ತ, ಬಗ್ಗಿಸುತ್ತ ಹೋಗಿ. ಬೆಲ್ಟ್, ಫ್ಯಾನ್ ಹತ್ತಿರ ಕೈ, ಸಡಿಲ ಬಟ್ಟೆ ಬೇಡ. ಗ್ರಾಫ್ ಜಿಗಿದರೆ ಅಲ್ಲೇ ನಿಲ್ಲಿಸಿ, ಟೇಪ್ ಬಿಚ್ಚಿ. ಬ್ರಾಕೆಟ್‌ಗೆ ಉಜ್ಜುವ ಜಾಗ, ಎಕ್ಸಾಸ್ಟ್ ಹತ್ತಿರದ ಜಾಗ, ಎಂಜಿನ್‌ನಿಂದ ಬಾಡಿಗೆ ದಾಟುವ ಬಾಗು, ಬ್ಯಾಟರಿ ತಟ್ಟೆಯ ಕೆಳಭಾಗ, ಈ ನಾಲ್ಕನ್ನು ಬಿಡಬೇಡಿ. ಹೊರಗಿನ ಕವಚ ಚೆನ್ನಾಗಿದ್ದು ಒಳಗಿನ ತಾಮ್ರ ತುಂಡಾಗಿರುವುದುಂಟು. ಅಂಥ ವೈರ್ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ.

ಆಮೇಲೆ ಅಳತೆ. 5 ವೋಲ್ಟ್ ಪೂರೈಕೆಯ ವೈರ್‌ನಲ್ಲಿ 4.9ರಿಂದ 5.1 ಇರಬೇಕು. ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವ್‌ನಲ್ಲಿಟ್ಟು, ಎಂಜಿನ್ ಓಡುವಾಗ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ಕೆಂಪನ್ನು ಸೆನ್ಸರ್‌ನ ಅರ್ಥ್ ವೈರ್‌ಗೆ ಮುಟ್ಟಿಸಿ. 0.05 ವೋಲ್ಟ್‌ಗಿಂತ ಹೆಚ್ಚಿದ್ದರೆ ಅರ್ಥ್ ದುರ್ಬಲ. ಸೆನ್ಸರ್ ಸರಿಯಾದದ್ದನ್ನೇ ಹೇಳಿದರೂ ಇಸಿಯುಗೆ ಅಷ್ಟು ತಪ್ಪಾಗಿ ಕೇಳಿಸುತ್ತದೆ. ಎಂಜಿನ್ ಬ್ಲಾಕ್‌ಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.1 ವೋಲ್ಟ್ ದಾಟಿದರೆ ಅರ್ಥ್ ಪಟ್ಟಿ ಬಿಚ್ಚಿ ಉಜ್ಜಿ ಕೂರಿಸಿ.

5 ವೋಲ್ಟ್ ಪೂರೈಕೆಯನ್ನು ಹಲವು ಸೆನ್ಸರ್‌ಗಳು ಹಂಚಿಕೊಳ್ಳುತ್ತವೆ. ಎಸಿ ಒತ್ತಡದ ಸೆನ್ಸರ್ ಒಳಗೊಳಗೇ ಶಾರ್ಟ್ ಆದರೂ ಥ್ರಾಟಲ್ ಮತ್ತು ಮ್ಯಾನಿಫೋಲ್ಡ್ ಸೆನ್ಸರ್‌ಗಳ ಕೋಡ್ ಬರಬಹುದು. ಸಂಬಂಧವಿಲ್ಲದ ಮೂರು ನಾಲ್ಕು ಕೋಡ್ ಒಟ್ಟಿಗೆ ಬಂದರೆ ಒಂದೊಂದಾಗಿ ಪ್ಲಗ್ ಕಳಚುತ್ತ ಹೋಗಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಅಪರಾಧಿ.

ಮೀಟರ್‌ನ ದಪ್ಪ ಪ್ರೋಬನ್ನು ಪ್ಲಗ್‌ನ ಹೆಣ್ಣು ಪಿನ್ ಒಳಗೆ ಮುಂದಿನಿಂದ ತುರುಕಬೇಡಿ. ಅದು ಅಗಲವಾಗಿ, ಇಲ್ಲದಿದ್ದ ಲೂಸ್ ಕಾಂಟ್ಯಾಕ್ಟ್ ನೀವೇ ಹುಟ್ಟಿಸುತ್ತೀರಿ. ಅದೇ ಅಳತೆಯ ಬಿಡಿ ಗಂಡು ಪಿನ್ ಸಿಕ್ಕರೆ ಪ್ರತಿ ಹೆಣ್ಣು ಪಿನ್‌ಗೂ ಹಾಕಿ ಎಳೆದು ನೋಡಿ. ಹಿಡಿತವಿಲ್ಲದೆ ಜಾರಿ ಬರುವ ಪಿನ್ ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಬೇಕು.

ಸೆನ್ಸರ್ ಪ್ಲಗ್ ಕಳಚಿ ಓಡಿಸಿ ನೋಡುವುದು ಸರಿಯೇ?

ಏರ್ ಫ್ಲೋ ಸೆನ್ಸರ್‌ಗೆ ಮಾತ್ರ, ಅದೂ ಸುಳಿವಿಗಾಗಿ. ಕಳಚಿದಾಗ ಇಸಿಯು ಥ್ರಾಟಲ್ ಮತ್ತು ಆರ್‌ಪಿಎಂನಿಂದ ಅಂದಾಜು ಲೆಕ್ಕ ಹಾಕಿ ಓಡಿಸುತ್ತದೆ. ತಡವರಿಕೆ ಮಾಯವಾದರೆ ಸೆನ್ಸರ್ ಮೇಲೆ ಅನುಮಾನ ಬಲವಾಗುತ್ತದೆ. ಕೆಲವು ಎಂಜಿನ್‌ಗಳು ಕಳಚಿದರೆ ಓಡುವುದೇ ಇಲ್ಲ, ಅದರಿಂದ ಏನೂ ಸಾಬೀತಾಗುವುದಿಲ್ಲ. ಲೈಟ್ ಹತ್ತುತ್ತದೆ, ಕೋಡ್ ಉಳಿಯುತ್ತದೆ. ಪೆಡಲ್, ಥ್ರಾಟಲ್, ಕ್ರ್ಯಾಂಕ್ ಸೆನ್ಸರ್‌ಗಳಲ್ಲಿ ಈ ಪ್ರಯೋಗ ಬೇಡವೇ ಬೇಡ.

ಮೆಕ್ಯಾನಿಕ್ ಮುಂದೆ ಮಾತ್ರ ಕಾರು ಸರಿಯಾಗಿ ಓಡುತ್ತದೆ. ದೋಷವನ್ನು ಹಿಡಿಯುವುದು ಹೇಗೆ?

ದಾಖಲಿಸಿ. ಸ್ಕ್ಯಾನರ್ ಆ್ಯಪ್‌ನಲ್ಲಿ ಐದಕ್ಕಿಂತ ಹೆಚ್ಚು ಅಂಶಗಳನ್ನು ಆರಿಸಬೇಡಿ. ಅಗ್ಗದ ಬ್ಲೂಟೂತ್ ಅಡಾಪ್ಟರ್‌ಗಳು ಒಂದೊಂದನ್ನೇ ಕೇಳಿ ಉತ್ತರ ಪಡೆಯುತ್ತವೆ, ಇಪ್ಪತ್ತು ಆರಿಸಿದರೆ ಪ್ರತಿಯೊಂದೂ ಹಲವು ಸೆಕೆಂಡಿಗೊಮ್ಮೆ ಬರುತ್ತದೆ, ಕುಸಿತ ಆ ಸಂದಿಯಲ್ಲೇ ಜಾರಿಹೋಗುತ್ತದೆ. ಆರ್‌ಪಿಎಂ, ಪೆಡಲ್ ಸ್ಥಾನ, ಥ್ರಾಟಲ್ ಸ್ಥಾನ, ಏರ್ ಫ್ಲೋ ಅಥವಾ ಮ್ಯಾನಿಫೋಲ್ಡ್ ಒತ್ತಡ, ಶಾರ್ಟ್ ಟರ್ಮ್ ಟ್ರಿಮ್, ಇಷ್ಟು ಸಾಕು. ತಡವರಿಸಿದ ಕ್ಷಣವನ್ನು ಪಕ್ಕದಲ್ಲಿ ಕೂತವರು ಗುರುತು ಮಾಡಲಿ, ಓಡಿಸುವವರ ಕಣ್ಣು ರಸ್ತೆಯ ಮೇಲಿರಲಿ.

ಓದುವಾಗ ಯಾವುದು ಮೊದಲು ಬಿದ್ದಿತು ಎಂದು ನೋಡಿ. ಕಾಲು ಅಲುಗದೆ ಪೆಡಲ್ ಗೆರೆಯೇ ಬಿದ್ದಿದ್ದರೆ ಪೆಡಲ್ ಸೆನ್ಸರ್. ಪೆಡಲ್ ನೇರವಿದ್ದು ಥ್ರಾಟಲ್ ಬಿದ್ದಿದ್ದರೆ ಥ್ರಾಟಲ್ ಬಾಡಿ, ಅಥವಾ ಇಸಿಯು ಬೇಕೆಂದೇ ಮುಚ್ಚಿದೆ. ಎರಡೂ ನೇರವಿದ್ದು ಏರ್ ಫ್ಲೋ ಮಾತ್ರ ಚೂಪಾಗಿ ಬಿದ್ದು ಎದ್ದಿದ್ದರೆ ಸೆನ್ಸರ್ ಅಥವಾ ಅದರ ವೈರ್, ಏಕೆಂದರೆ ನಿಜವಾದ ಗಾಳಿ ಅಷ್ಟು ಚೂಪಾಗಿ ನಿಂತು ಹರಿಯಲಾರದು. ಎಲ್ಲ ಗೆರೆಗಳೂ ಸರಿಯಿದ್ದು ಎಳೆತ ಮಾತ್ರ ಹೋಗಿದ್ದರೆ ಕಾಯಿಲ್, ಸ್ಪಾರ್ಕ್ ಪ್ಲಗ್, ಇಂಧನದ ಕಡೆ ತಿರುಗಿ.

ಬಿಸಿಗೆ ಬರುವ ದೋಷವನ್ನು ಹೇರ್ ಡ್ರೈಯರ್‌ನಿಂದ, ಮಳೆಗೆ ಬರುವುದನ್ನು ಹೂಗಿಡಕ್ಕೆ ಸಿಂಪಡಿಸುವ ಬಾಟಲಿಯ ತೆಳು ಹನಿಗಳಿಂದ ನಿಂತಲ್ಲೇ ಬರಿಸಬಹುದು. ಒಂದು ಸಲಕ್ಕೆ ಒಂದೇ ಸೆನ್ಸರ್.

ಡೀಸೆಲ್ ಎಂಜಿನ್‌ಗೂ ಇದೆಲ್ಲ ಅನ್ವಯವೇ?

ವೈರಿಂಗ್, ಪೆಡಲ್, ಕ್ರ್ಯಾಂಕ್ ಸೆನ್ಸರ್ ಮಾತು ಹಾಗೆಯೇ. ಟ್ರಿಮ್ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಬೇಡಿದ ರೈಲ್ ಒತ್ತಡ ಮತ್ತು ನಿಜವಾದ ರೈಲ್ ಒತ್ತಡ, ಬೇಡಿದ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಮತ್ತು ನಿಜವಾದ ಬೂಸ್ಟ್, ಈ ಎರಡು ಜೋಡಿಗಳನ್ನು ಒಟ್ಟಿಗೆ ದಾಖಲಿಸಿ. ಎಲ್ಲಿ ಅಗಲುತ್ತವೋ ಅಲ್ಲಿ ಹುಡುಕಿ. ಪೂರ್ತಿ ಮುಚ್ಚದ ಇಜಿಆರ್ ವಾಲ್ವ್ (ಸುಟ್ಟ ಗಾಳಿಯನ್ನು ಮತ್ತೆ ಎಂಜಿನ್‌ಗೆ ಬಿಡುವುದು) ಡೀಸೆಲ್‌ನಲ್ಲಿ ಏರ್ ಫ್ಲೋ ಓದುವಿಕೆಯನ್ನು ಇಳಿಸುತ್ತದೆ, ತಪ್ಪು ಮಾತ್ರ ಸೆನ್ಸರ್ ತಲೆಗೆ ಬರುತ್ತದೆ.

ಹೊಸ ಸೆನ್ಸರ್ ಹಾಕಿದ ಮೇಲೂ ತೊಂದರೆ ಹೋಗಿಲ್ಲ, ಇನ್ನೂ ಹೆಚ್ಚಾಗಿದೆ. ಏಕೆ?

ಮೊದಲು ಭಾಗದ ಸಂಖ್ಯೆ ತಾಳೆ ನೋಡಿ. ಹೊರಗಿನಿಂದ ಒಂದೇ ಥರ ಇದ್ದು ಒಳಗಿನ ಅಳತೆಗೆರೆ ಬೇರೆ ಇರುವ ಏರ್ ಫ್ಲೋ ಸೆನ್ಸರ್‌ಗಳು ಬಹಳ. ನಕಲಿ ಮಾಲೂ ಕಡಿಮೆಯಿಲ್ಲ. ಏರ್ ಫ್ಲೋ ಮತ್ತು ಕ್ರ್ಯಾಂಕ್ ಸೆನ್ಸರ್‌ಗಳಲ್ಲಿ ಕಾರಿಗೆ ಮೂಲದಲ್ಲಿ ಪೂರೈಸಿದ ತಯಾರಕರ ಭಾಗವನ್ನೇ ಹಾಕುವುದು ಲೇಸು, ಉಳಿತಾಯ ಮಾಡುವ ಜಾಗ ಇದಲ್ಲ.

ಎರಡನೆಯದಾಗಿ, ಹಳೆಯ ಕಲಿಕೆ ಉಳಿದಿರಬಹುದು. ಕೊಳೆ ಸೆನ್ಸರ್‌ಗೆ ತಕ್ಕಂತೆ ಶೇ 18 ಇಂಧನ ಸೇರಿಸಲು ಕಲಿತ ಇಸಿಯು ಹೊಸದಕ್ಕೂ ಅಷ್ಟೇ ಸೇರಿಸಿ ಉಕ್ಕಿಸುತ್ತದೆ. ಟ್ರಿಮ್ ರೀಸೆಟ್ ಮಾಡಿ. ಥ್ರಾಟಲ್ ಬಾಡಿ ಬದಲಿಸಿದರೆ, ಕೆಲವು ಕಾರುಗಳಲ್ಲಿ ಸ್ವಚ್ಛ ಮಾಡಿದರೂ, ಮುಚ್ಚಿದ ಸ್ಥಾನವನ್ನು ಮತ್ತೆ ಕಲಿಸುವ ಕ್ರಮ ಇರುತ್ತದೆ, ಸರ್ವಿಸ್ ಕೈಪಿಡಿ ನೋಡಿ. ನಾಕ್ ಸೆನ್ಸರ್ (ಸಿಲಿಂಡರ್ ಒಳಗಿನ ಬಡಿತ ಕೇಳುವುದು) ಬದಲಿಸಿದ್ದರೆ ಬೋಲ್ಟ್ ಬಿಗಿತ ಪರೀಕ್ಷಿಸಿ. ಹೆಚ್ಚಿನವಕ್ಕೆ ಸುಮಾರು 20 ನ್ಯೂಟನ್ ಮೀಟರ್. ಬಿಗಿ ತಪ್ಪಿದರೆ ಅದು ಕೇಳಿಸಿಕೊಳ್ಳುವ ರೀತಿಯೇ ಬದಲಾಗುತ್ತದೆ, ಇಲ್ಲದ ನಾಕ್‌ಗೆ ಇಸಿಯು ಟೈಮಿಂಗ್ ಹಿಂದೆಳೆದು ಪಿಕಪ್ ಸಾಯಿಸುತ್ತದೆ.

ಈ ಸ್ಥಿತಿಯಲ್ಲಿ ಓಡಿಸಬಹುದೇ?

ಲಘುವಾದ ತಡವರಿಕೆ ಇದ್ದರೆ ಓವರ್‌ಟೇಕ್ ಮಾಡದೆ ನಿಧಾನವಾಗಿ ಗ್ಯಾರೇಜ್ ತಲುಪಬಹುದು. ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಸುಡದ ಇಂಧನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತಿದೆ, ಕಾಲು ತೆಗೆದು ನಿಲ್ಲಿಸಿ. ಓಡುವಾಗ ಎಂಜಿನ್ ಪೂರ್ತಿ ಕಟ್ ಆಗುತ್ತಿದ್ದರೆ ಓಡಿಸಲೇಬೇಡಿ. ಪವರ್ ಸ್ಟೀರಿಂಗ್ ಭಾರವಾಗಬಹುದು, ಬ್ರೇಕ್ ಬೂಸ್ಟರ್‌ನ ನೆರವು ಎರಡು ಮೂರು ಒತ್ತುವಿಕೆಗೆ ಮುಗಿಯುತ್ತದೆ.

ರಿಪೇರಿ ಆಗಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಮೊದಲು ಬರೆದಿಟ್ಟ ಷರತ್ತನ್ನೇ ಮತ್ತೆ ಸೃಷ್ಟಿಸಿ. ಅರ್ಧ ಗಂಟೆ ಓಡಿದ ಮೇಲೆ ಬರುತ್ತಿದ್ದರೆ ಗ್ಯಾರೇಜ್ ಸುತ್ತ ಐದು ನಿಮಿಷದ ಸುತ್ತು ಏನನ್ನೂ ಹೇಳುವುದಿಲ್ಲ. ಫ್ರೀಜ್ ಫ್ರೇಮ್‌ನಲ್ಲಿದ್ದ ಅದೇ ಆರ್‌ಪಿಎಂ, ಅದೇ ಲೋಡ್, ಅದೇ ಬಿಸಿಯಲ್ಲಿ ಓಡಿಸಿ. ಕೋಡ್ ಅಳಿಸಿದ ಮೇಲೆ ರೆಡಿನೆಸ್ ಮಾನಿಟರ್‌ಗಳು (ಇಸಿಯು ತಾನೇ ನಡೆಸುವ ಪರೀಕ್ಷೆಗಳು) ಪೂರ್ಣಗೊಳ್ಳಲು ಹಲವು ದಿನಗಳ ಓಡಾಟ ಬೇಕಾದೀತು. ಅವು ಮುಗಿದು, ಪೆಂಡಿಂಗ್ ಪಟ್ಟಿ ಖಾಲಿಯಿದ್ದು, ಲಾಂಗ್ ಟರ್ಮ್ ಟ್ರಿಮ್ ಐಡ್ಲಿಂಗ್, 2500 ಆರ್‌ಪಿಎಂ, ಏರು ಈ ಮೂರರಲ್ಲೂ ಶೇ 5ರ ಆಸುಪಾಸಿಗೆ ಇಳಿದಿದ್ದರೆ ಫೈಲ್ ಮುಚ್ಚಬಹುದು. ತಡವರಿಕೆ ನಿಂತಿದೆ, ಆದರೆ ಟ್ರಿಮ್ ಇನ್ನೂ ಶೇ 12ರಲ್ಲಿದೆ ಎಂದಾದರೆ ಕಾರಣ ಅಲ್ಲೇ ಇದೆ, ತಾತ್ಕಾಲಿಕವಾಗಿ ಅಡಗಿದೆ ಅಷ್ಟೆ. ಹಾರ್ನೆಸ್ ಅಲುಗಿಸುವ ಪರೀಕ್ಷೆಗೆ ಮರಳಿ.